ತಣ್ಣಗಾದ ಮೇಲೆ ಸಿಗದ ಕಳ್ಳ

ಕೊಪ್ಪದಿಂದ ಹೊರಟ ಹಳೇ ಯೆಜ್ಡಿ ಹರಿಹರಪುರದವರೆಗೆ ಸರಾಗವಾಗಿ ಓಡುತ್ತದೆ. ಶೃಂಗೇರಿ ಕಡೆಯ ಏರಿನಲ್ಲಿ ಎರಡು ಸಲ ಮುಗ್ಗರಿಸಿ ಬಂದ್. ಎಷ್ಟು ಕಿಕ್ ಹೊಡೆದರೂ ಉಸಿರಿಲ್ಲ. ಸವಾರ ಮರದಡಿ ಕೂತು, ಎಲೆಯಡಿಕೆ ಹಾಕಿಕೊಂಡು, ಅರ್ಧ ಗಂಟೆ ಬಿಟ್ಟು ಎದ್ದರೆ ಮೊದಲ ಕಿಕ್ಕಿಗೇ ಸ್ಟಾರ್ಟ್! ಮೆಕ್ಯಾನಿಕ್ ಹತ್ತಿರ ಹೋಗುವ ಹೊತ್ತಿಗೆ ಗಾಡಿಗೆ ಯಾವ ಕಾಯಿಲೆಯೂ ಇಲ್ಲ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಹೊರಬರತೊಡಗಿದವು. 1996ರಲ್ಲಿ ಅದು ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳಲ್ಲಿ ತೀರಾ ಕಿರಿಯದಕ್ಕೂ ಈಗ ಮೂವತ್ತರ ಆಸುಪಾಸು. ಈ ವಯಸ್ಸಿನಲ್ಲಿ ಕೆಲವು ದೋಷಗಳು ಬಿಸಿಗೆ ಮಾತ್ರ ಮುಖ ತೋರಿಸುತ್ತವೆ. ಇವುಗಳ ಎಂಜಿನ್ ತಣ್ಣಗಾಗುವುದು ಗಾಳಿಯಿಂದ. ಏರಿನಲ್ಲಿ ದುಡಿಮೆ ಹೆಚ್ಚು, ವೇಗ ಕಡಿಮೆ, ಗಾಳಿಯೂ ಕಡಿಮೆ.

ಟೂ ಸ್ಟ್ರೋಕ್ ಎಂಜಿನ್ನಿಗೆ ಸುತ್ತಿಗೊಂದು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 50 ಕಿಡಿ. ಹೆಚ್ಚಿನ ಹಳೇ ಗಾಡಿಗಳಲ್ಲಿರುವುದು 6 ವೋಲ್ಟ್ ಬ್ಯಾಟರಿ. ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚು ತೆರೆದ ಕ್ಷಣ ಬ್ಯಾಟರಿಯ ಕರೆಂಟು ಥಟ್ಟನೆ ಕಡಿದರೆ ಮಾತ್ರ ಕಾಯಿಲ್ ಎಂಬ ತಂತಿಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಆ ಕಡಿತವನ್ನು ಚುರುಕಾಗಿಸುವುದು ಹೆಬ್ಬೆರಳಿಗಿಂತ ಸಣ್ಣದಾದ ಕಂಡೆನ್ಸರ್.

ಅದರೊಳಗಿರುವುದು ಪತ್ರೊಡೆಯಂಥ ಸುರುಳಿ: ಕೆಸುವಿನೆಲೆಯ ಜಾಗದಲ್ಲಿ ತೆಳು ಲೋಹದ ಹಾಳೆ, ಹಿಟ್ಟಿನ ಜಾಗದಲ್ಲಿ ಕರೆಂಟು ದಾಟಗೊಡದ ಕಾಗದ. ವರ್ಷ ಕಳೆದಂತೆ, ತೇವ ತಾಗಿದಂತೆ ಆ ಕಾಗದ ಸೊರಗುತ್ತದೆ. ತಣ್ಣಗಿರುವಾಗ ಹೇಗೋ ಕೆಲಸ ನಡೆಯುತ್ತದೆ. ಬಿಸಿಯಾದರೆ ಕರೆಂಟು ಸೋರುತ್ತದೆ. ಕಾಯಿಲಿನ ಕೂದಲೆಳೆ ತಂತಿ ಒಳಗೆಲ್ಲೋ ಬಿರುಕು ಬಿಟ್ಟಿದ್ದರೂ ಇದೇ ಕತೆ. ಶಾಖಕ್ಕೆ ಹಿಗ್ಗಿದಾಗ ತುದಿಗಳು ದೂರವಾಗುತ್ತವೆ, ಆರಿದಾಗ ಮತ್ತೆ ಕೂಡುತ್ತವೆ.

ಹಾಗಾಗಿ ಗಾಡಿ ನಿಂತಲ್ಲೇ, ಬಿಸಿ ಆರುವ ಮೊದಲೇ ತನಿಖೆ ಆಗಬೇಕು. ಕಿಕ್ಕೇ ಕೆಳಗಿಳಿಯದಿದ್ದರೆ ಅದು ಬೇರೆ ರೋಗ, ಪಿಸ್ಟನ್ ಹಿಡಿದಿರಬಹುದು. ಇಳಿಯುತ್ತಿದ್ದರೆ ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ. ‘ಸುಯ್’ ಎಂದು ಗಾಳಿ ಒಳನುಗ್ಗಿ, ತುಸು ಹೊತ್ತಿಗೆ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿಕಿಂಡಿ ಕಟ್ಟಿಕೊಂಡಿದೆ ಎಂದರ್ಥ. ಗಾಳಿ ಒಳಹೋಗದೆ ಪೆಟ್ರೋಲ್ ಕೆಳಗಿಳಿಯದು. ಕಿಂಡಿಗೆ ತುಕ್ಕೋ ಧೂಳೋ ಸಾಕು. ಕೊಟ್ಟಿಗೆಯಲ್ಲಿ ನಿಂತ ಗಾಡಿಯಾದರೆ ಕುಂಬಾರ ಹುಳುವಿನ ಮಣ್ಣೂ ಇದ್ದೀತು.

ಅದಲ್ಲದಿದ್ದರೆ ಮುಚ್ಚಳ ಬಿಗಿದು ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ: ಕಾಕ್, ಪೈಪು, ಕಾರ್ಬೊರೇಟರ್ ನೋಡಿ. ಒದ್ದೆಯಾಗಿದ್ದರೆ ಅನುಮಾನ ಕಿಡಿಯ ಮೇಲೆ. ಪ್ಲಗ್ಗಿಗೆ ಕ್ಯಾಪ್ ಹಾಕಿ, ಪ್ಲಗ್ ತೂತಿನಿಂದ ದೂರ ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆದರೆ ಚಟಚಟನೆ ನೀಲಿ ಕಿಡಿ ಬರಬೇಕು. ಸಪ್ಪೆ ಹಳದಿ ಕಿಡಿ ಬಂದರೆ ಬಲಗಡೆಯ ಕವರ್ ಬಿಚ್ಚಿ ಪಾಯಿಂಟ್ ನೋಡಿ. ಪಾಯಿಂಟಿನಲ್ಲೇ ದಪ್ಪ ಕಿಡಿ ಹಾರುತ್ತಿದೆಯೇ, ಮುಖ ಸುಟ್ಟಿದೆಯೇ? ಕಳ್ಳ ಬಹುಮಟ್ಟಿಗೆ ಕಂಡೆನ್ಸರೇ. ಪಾಯಿಂಟ್ ಚೊಕ್ಕಟವಿದ್ದರೆ ಕಾಯಿಲ್ ಬದಲಿಸಿ ನೋಡಬೇಕು.

ಕೆಲವು ಹಳೇ ಕೈಗಳು ಹೊಸ ಕಂಡೆನ್ಸರನ್ನು ಎಂಜಿನ್ನಿನ ಬಿಸಿಯಿಂದ ದೂರ, ಸೀಟಿನ ಕೆಳಗೆ ಕೂರಿಸುತ್ತವೆ. ನರಸಿಂಹರಾಜಪುರಕ್ಕೋ ಶೃಂಗೇರಿಗೋ ಹೊರಡುವಾಗ ಟೂಲ್ ಬಾಕ್ಸಿನಲ್ಲಿ ಇನ್ನೊಂದು ಕಂಡೆನ್ಸರ್ ಇರಲಿ. ಏರಿನಲ್ಲಿ ಗಾಡಿ ನಿಂತರೆ ಎಲೆಯಡಿಕೆ ಸಂಚಿಗಿಂತ ಮೊದಲು ಪ್ಲಗ್ ಪಾನ ಹೊರಗೆ ಬರಲಿ.