ಮಲೇರಿಯಾಕ್ಕೆ ರಕ್ತದಲ್ಲೊಂದು ಬಾಗಿಲು

ಮಳೆಗಾಲದ ಮುಂಬಯಿಯಲ್ಲಿ ನಮ್ಮವರನ್ನು ನಡುಗಿಸುವ ವೈವಾಕ್ಸ್ ಮಲೇರಿಯಾ ಪಶ್ಚಿಮ ಆಫ್ರಿಕೆಯ ಜನರಲ್ಲಿ ಬಹು ವಿರಳ. ಇದರ ಗುಟ್ಟು ಇರುವುದು ರಕ್ತದಲ್ಲಿ. 1950ರಲ್ಲಿ ಇಂಗ್ಲೆಂಡಿನ ರೋಗಿಯೊಬ್ಬನಿಂದ ಬೆಳಕಿಗೆ ಬಂದು, ಅವನ ಹೆಸರನ್ನೇ ಪಡೆದ 'ಡಫಿ' ಎಂಬ ಪ್ರೋಟೀನು ಕೆಂಪು ರಕ್ತಕಣಗಳ ಮೇಲಿರುತ್ತದೆ. ಅದಿಲ್ಲದವರಿಗೆ ಈ ಜ್ವರ ತಗುಲದೆಂದು 1976ರಲ್ಲಿ ಲೂಯಿ ಮಿಲ್ಲರ್ ಮತ್ತು ಸಂಗಡಿಗರು ತೋರಿಸಿದರು. ಡಫಿಯೇ ರೋಗಾಣುವಿನ ಹೆಬ್ಬಾಗಿಲು!

ಶತ್ರುವಿಗಾಗಿ ದೇಹವು ಬಾಗಿಲಿಟ್ಟುಕೊಂಡೀತೆ? ಉರಿಯೂತವಾದೆಡೆಗೆ ಬಿಳಿಕಣಗಳನ್ನು ಕರೆಯುವ ಕೀಮೋಕೈನುಗಳನ್ನು ಗುರುತಿಸಿ ಹಿಡಿಯುವುದೂ ಅದರ ಕೆಲಸವೆಂದು 1993ರಲ್ಲಿ ತಿಳಿಯಿತು. ಆಫ್ರಿಕೆಯ ಅನೇಕರಲ್ಲಿ ಆ ಜೀನಿನ ಒಂದೇ ಅಕ್ಷರ ಬದಲಾಗಿ, ಕೆಂಪು ಕಣಗಳಲ್ಲಿ ಮಾತ್ರ ಡಫಿ ಹುಟ್ಟದು. ಇತರ ಅಂಗಗಳಲ್ಲಿ ಉಂಟು. ನಮ್ಮ ದೇಶದಲ್ಲಿ ಡಫಿಯುಳ್ಳವರೇ ಬಹುಪಾಲು. ಹೋಟೆಲಿನ ನೆಲದ ಮೇಲೆ ಮಲಗುವ ಹುಡುಗರಿಗೆ ಸೊಳ್ಳೆಪರದೆಯೇ ಗತಿ. ರೋಗಾಣುವಾದರೋ ಸುಮ್ಮನಿಲ್ಲ: ಮಡಗಾಸ್ಕರಿನಲ್ಲಿ ಡಫಿಯಿಲ್ಲದವರಿಗೂ ಅದು ತಗುಲಿದ ವರದಿ 2010ರಲ್ಲಿ ಪ್ರಕಟವಾಯಿತು.