ಹಸುರೆಲೆಯ ಕಸುಬು

ಸೌದೆ ಉರಿದಾಗ ನಮಗೆ ಶಾಖ ದೊರೆಯುತ್ತದೆ. ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಈ ಅನಿಲವನ್ನು ಬಿಸಿಲಿನ ಬಲದಿಂದ ಮರಳಿ ಉರುವಲಾಗಿಸುವುದು ಸಾಧ್ಯವೇ? ಹಸುರೆಲೆ ನಿತ್ಯವೂ ಮಾಡುತ್ತಿರುವುದು ಅಂಥ ಕೆಲಸವನ್ನೇ. ಆದರೆ ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280ರಷ್ಟಿದ್ದ ಈ ಅನಿಲ ಇಂದು 420ನ್ನು ಮೀರಿದೆ. ಎಲೆಯೊಂದೇ ಈ ಹೊರೆಯನ್ನು ಹೊರಲಾರದು. ಆದಕಾರಣ ರಸಾಯನವಿಜ್ಞಾನಿಗಳು ಅದರ ಕಸುಬನ್ನು ಕಲಿಯಹೊರಟಿದ್ದಾರೆ.

ಕಲಿಕೆ ಸುಲಭವಲ್ಲ. ಈ ಅಣುವಿನಲ್ಲಿ ಇಂಗಾಲವನ್ನು ಎರಡು ಆಮ್ಲಜನಕಗಳು ಇಕ್ಕೆಲಗಳಿಂದ ಬಿಗಿಹಿಡಿದಿವೆ. ಆ ಹಿಡಿತ ಸಡಿಲಬೇಕಾದರೆ ಎಲೆಕ್ಟ್ರಾನುಗಳನ್ನು ಒದಗಿಸಬೇಕು. 1979ರಲ್ಲಿ ಜಪಾನಿನ ಇನೌಯೆ, ಫುಜಿಶಿಮಾ, ಹೋಂಡಾ ಮೊದಲಾದವರು ಟೈಟಾನಿಯಂ ಡೈ ಆಕ್ಸೈಡಿನಂಥ ಪುಡಿಗಳನ್ನು ನೀರಿನಲ್ಲಿ ಕದಡಿ, ಅನಿಲ ಹಾಯಿಸಿ, ಬೆಳಕು ಬೀರಿ, ಫಾರ್ಮಿಕ್ ಆಮ್ಲ, ಮೆಥನಾಲ್ ಮುಂತಾದವನ್ನು ಪಡೆದರು. ಆದರೆ ಟೈಟಾನಿಯಂ ಡೈ ಆಕ್ಸೈಡಿಗೆ ಅತಿನೇರಳೆ ಕಿರಣವೇ ಬೇಕು. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ಐದರಷ್ಟು ಮಾತ್ರ. ಮೇಲಾಗಿ, ಬೆಳಕು ತಾಕಿ ಎದ್ದ ಎಲೆಕ್ಟ್ರಾನು ಅನಿಲವನ್ನು ಮುಟ್ಟುವ ಮೊದಲೇ ತನ್ನ ಸ್ಥಾನಕ್ಕೆ ಮರಳಿಬಿಡುವುದುಂಟು.

ಹಾಗಾದರೆ ಅನಿಲ, ಬೆಳಕು, ಎಲೆಕ್ಟ್ರಾನು ಮೂರೂ ಕೂಡುವಂಥ ಎಡೆಯೊಂದನ್ನು ಕಟ್ಟಬೇಕು. ಲೋಹದ ಗಂಟುಗಳನ್ನು ಸಾವಯವ ಅಣುಗಳೆಂಬ ತೊಲೆಗಳಿಂದ ಜೋಡಿಸಿದ ರಂಧ್ರಮಯ ಹರಳುಗಳು ಅಂಥ ಕಟ್ಟಡಗಳು. ಇವನ್ನು ಬೆಳೆಸಿದ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ 2025ರ ನೊಬೆಲ್ ಬಹುಮಾನ ಸಂದಿತು. ಕೆಲವು ಹರಳುಗಳಲ್ಲಿ ಒಂದೇ ಗ್ರಾಮಿನ ಒಳಮೈ ಸಾವಿರಾರು ಚದರ ಮೀಟರಿನಷ್ಟು ವಿಶಾಲ.

ಇಲ್ಲಿ ತೊಲೆಯನ್ನು ಬದಲಿಸಿದರೆ ಕೋಣೆಯ ಗುಣವೇ ಬದಲಾಗುತ್ತದೆ. 2012ರಲ್ಲಿ ಚೀನಾದ ವಿಜ್ಞಾನಿಗಳು ಟೈಟಾನಿಯಂ ಗಂಟುಗಳ ಹರಳೊಂದನ್ನು ಆಯ್ದುಕೊಂಡು, ತೊಲೆಗಳಲ್ಲಿ ಅಮೈನೋ ಗುಂಪನ್ನು ಇರಿಸಿ ಪರೀಕ್ಷಿಸಿದರು. ಆ ಗುಂಪಿಲ್ಲದಾಗ ಬಿಳಿಯಾಗಿರುವ ಹರಳು ಅದರಿಂದ ಹಳದಿಯಾಗುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನೂ ಹೀರುತ್ತದೆ. ಅನಿಲವನ್ನು ಹೆಚ್ಚಾಗಿ ಹಿಡಿದಿಡುತ್ತದೆ. ತೊಲೆ ಹಿಡಿದ ಬೆಳಕಿನಿಂದ ಎದ್ದ ಎಲೆಕ್ಟ್ರಾನು ಟೈಟಾನಿಯಂಗೆ ದಾಟಿ, ಅಲ್ಲಿಂದ ಅನಿಲಕ್ಕೆ ಸಂದು, ಫಾರ್ಮೇಟ್ ಉಂಟಾಯಿತು.

ಇಷ್ಟಕ್ಕೇ ಎಲೆಯನ್ನು ಗೆದ್ದೆವೆನ್ನಲು ನಾನು ಹಿಂಜರಿಯುತ್ತೇನೆ. ಎದ್ದುಹೋದ ಎಲೆಕ್ಟ್ರಾನಿನ ತೆರವನ್ನು ತುಂಬುವವರಾರು? ಆ ಪ್ರಯೋಗದಲ್ಲಿ ಅದನ್ನು ತುಂಬಿದ್ದು ಟ್ರೈಎಥನಾಲ್ ಅಮೈನ್ ಎಂಬ ದ್ರವ. ಅದನ್ನು ಕಾರ್ಖಾನೆಯಲ್ಲಿ ತಯಾರಿಸಬೇಕು. ಕೆಲಸದಲ್ಲಿ ಅದು ವ್ಯಯವಾಗುತ್ತದೆ. ಇಂಥ ಲೆಕ್ಕದಲ್ಲಿ ಆದಾಯಕ್ಕಿಂತ ಸಾಲವೇ ಹೆಚ್ಚು. ಎಲೆಯಾದರೋ ಎಲೆಕ್ಟ್ರಾನನ್ನು ನೀರಿನಿಂದಲೇ ಪಡೆದು, ಆಮ್ಲಜನಕವನ್ನು ನಮಗೆ ಬಿಟ್ಟುಕೊಡುತ್ತದೆ.

ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರವೂ ಸೇರಿದಂತೆ ಹಲವೆಡೆ ಈ ಹರಳುಗಳ ಶೋಧ ನಡೆದಿದೆ. ಎಷ್ಟು ಉರುವಲು ದೊರೆಯಿತೆಂಬುದರ ಜೊತೆಗೆ ಎಲೆಕ್ಟ್ರಾನು ಎಲ್ಲಿಂದ ಬಂದಿತೆಂದೂ ನಾವು ಕೇಳಬೇಕು. ನೀರಿನಿಂದ ಎಂಬ ಉತ್ತರ ಬಂದು, ಆ ಹರಳು ಬಹುಕಾಲ ಬಾಳಿದಾಗಲೇ ಎಲೆಯ ಕಸುಬು ನಮಗೂ ಕೈಗೂಡಿತೆನ್ನಬಹುದು.