ಗಾಲಿ ಹಾರಲು ಒಂದು ತುಂಡು ನೆಲ

ಮಣ್ಣಿನ ಮೇಲಿನ ಬೈಕ್ ಓಟವಾದ ಮೊಟೊಕ್ರಾಸ್‌ನಲ್ಲಿ ನೋಡಲೇಬೇಕಾದದ್ದು ಗೇಟು ಬೀಳುವ ಮುಂಚಿನ ಗಳಿಗೆ. ಕಬ್ಬಿಣದ ತಗ್ಗು ಗೇಟಿನ ಹಿಂದೆ ಬೈಕುಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ನಿಂತಿರುತ್ತವೆ. ಮೊದಲು ಹದಿನೈದು ಸೆಕೆಂಡಿನ ಫಲಕ, ಆಮೇಲೆ ಐದರ ಫಲಕ. ಅದಾದ ಮೇಲೆ ಗೇಟು ಯಾವ ಕ್ಷಣದಲ್ಲಿ ಬೀಳುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಸವಾರರು ಸೀಟಿನ ತುದಿಗೆ ಸರಿದು, ಎರಡೂ ಕಾಲು ನೆಲಕ್ಕೂರಿ, ಹೆಲ್ಮೆಟ್ಟನ್ನು ಹ್ಯಾಂಡಲ್ ಮೇಲಕ್ಕೆ ಚಾಚಿ, ಎರಡು ಬೆರಳಲ್ಲಿ ಕ್ಲಚ್ ಹಿಡಿದು ಕಾಯುತ್ತಾರೆ. ಗೇಟು ಸವಾರರ ಕಡೆಗೇ ಮಗುಚಿಕೊಳ್ಳುವಂತೆ ಕೂರಿಸಿರುತ್ತಾರೆ. ಆತುರಪಟ್ಟು ಮುಂಚೆಯೇ ನುಗ್ಗಿದರೆ ಚಕ್ರ ಅದಕ್ಕೇ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ಉಳಿದವರೆಲ್ಲ ಹೊರಟುಬಿಟ್ಟಿರುತ್ತಾರೆ. ಮೊದಲ ತಿರುವಿನಲ್ಲಿ ಇಡೀ ಸಾಲು ಒಂದೆರಡು ಬೈಕಿನಗಲಕ್ಕೆ ಕಿರಿದಾಗಬೇಕು. ಅಲ್ಲಿಂದ ಮುಂದಾಗಿ ಹೊರಬಿದ್ದವರದು ‘ಹೋಲ್‌ಶಾಟ್’. ಹಿಂದಿದ್ದವರ ಕನ್ನಡಕಕ್ಕೆ ಕೆಸರು. ಕನ್ನಡಕದ ಮೇಲೆ ಪದರಪದರವಾಗಿ ಅಂಟಿಸಿದ ತೆಳು ಹಾಳೆಗಳಲ್ಲಿ ಒಂದನ್ನು ಓಡುವಾಗಲೇ ಕಿತ್ತೆಸೆದರೆ ಮತ್ತೆ ದಾರಿ ಕಾಣುತ್ತದೆ.

ಈ ಬೈಕಿಗೆ ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ, ರಸ್ತೆಗೆ ಇಳಿಸುವಂತೆಯೂ ಇಲ್ಲ. 450 ಸಿಸಿ ಎಂಜಿನ್ ಇದ್ದರೂ ತೂಕ 110 ಕೆ.ಜಿ.ಯ ಆಸುಪಾಸು. ಮುಂದಿನ ಫೋರ್ಕ್ ಸುಮಾರು 300 ಮಿ.ಮೀ. ಕುಗ್ಗಿ ಹಿಗ್ಗುತ್ತದೆ. ಸವಾರರು ಕೂರುವುದಕ್ಕಿಂತ ನಿಲ್ಲುವುದೇ ಹೆಚ್ಚು. ಮೊಣಕಾಲುಗಳಲ್ಲಿ ಟ್ಯಾಂಕನ್ನು ಅವುಚಿ ಹಿಡಿದು, ದಿಬ್ಬ ಬಂದಾಗ ಬೈಕಿನ ಜೊತೆ ಗಾಳಿಗೆ ಏರುತ್ತಾರೆ. ಗಾಳಿಯಲ್ಲಿದ್ದಾಗಲೂ ಕೆಲಸ ನಿಲ್ಲದು. ಬೈಕಿನ ಮೂತಿ ಕೆಳಗೆ ಬಾಗಿದರೆ ಆಕ್ಸಿಲರೇಟರ್ ತಿರುವುತ್ತಾರೆ, ಹಿಂದಿನ ಚಕ್ರ ಜೋರಾಗಿ ಸುತ್ತಿ ಮೂತಿ ಮೇಲೇಳುತ್ತದೆ. ಅತಿಯಾಗಿ ಮೇಲೆದ್ದರೆ ಹಿಂದಿನ ಬ್ರೇಕ್ ಒತ್ತಿದರಾಯಿತು, ಮೂತಿ ಇಳಿಯುತ್ತದೆ. ವಿಶ್ವ ಮಟ್ಟದ ಓಟವೆಂದರೆ ಮೂವತ್ತು ನಿಮಿಷ, ಮೇಲೆ ಎರಡು ಸುತ್ತು. ಅದೂ ಒಂದೇ ದಿನದಲ್ಲಿ ಎರಡು ಸಲ. ಮುಂಗೈ ಸ್ನಾಯು ಬಿಗಿದು ಕಲ್ಲಾಗಿ, ಬ್ರೇಕ್ ಹಿಡಿಯಲು ಬೆರಳು ಮಡಚದೆ ಸೋತವರು ಎಷ್ಟೋ ಮಂದಿ. ಬೈಕ್ ಓಡಿಸುವುದರಲ್ಲಿ ಎಂಥ ಕಸರತ್ತು ಎಂದು ಕೇಳುವವರು ಓಟ ಮುಗಿಸಿ ಹೆಲ್ಮೆಟ್ ತೆಗೆದ ಸವಾರರ ಮುಖವನ್ನೊಮ್ಮೆ ನೋಡಬೇಕು.

ಈ ಆಟದ ಬೇರು ಇಂಗ್ಲೆಂಡಿನಲ್ಲಿದೆ. 1924ರಲ್ಲಿ ಕ್ಯಾಂಬರ್ಲಿಯ ಕುರುಚಲು ಬಯಲಿನಲ್ಲಿ ನಡೆದ ಓಟವನ್ನು ಮೊದಲನೆಯದೆನ್ನುತ್ತಾರೆ. 1947ರಲ್ಲಿ ದೇಶದೇಶಗಳ ತಂಡಗಳ ನಡುವಿನ ಪೈಪೋಟಿ ಶುರುವಾಯಿತು, 1957ರಲ್ಲಿ 500 ಸಿಸಿ ವಿಶ್ವ ಚಾಂಪಿಯನ್‌ಷಿಪ್. ಆದರೆ ಅದನ್ನು ತನ್ನ ಆಟವನ್ನಾಗಿ ಮಾಡಿಕೊಂಡ ದೇಶ ಬೆಲ್ಜಿಯಂ. ಕರ್ನಾಟಕದ ಆರನೇ ಒಂದು ಭಾಗದಷ್ಟೂ ಇಲ್ಲದ ಆ ನಾಡು ಆರು ವಿಶ್ವ ಪ್ರಶಸ್ತಿಗಳ ಜೋಯೆಲ್ ರಾಬರ್ಟ್, ಐದರ ರೋಜರ್ ಡಿ ಕೋಸ್ಟರ್, ಹತ್ತರ ಸ್ಟೆಫಾನ್ ಎವರ್ಟ್ಸ್‌ರಂಥವರನ್ನು ಕೊಟ್ಟಿತು. ಅಲ್ಲಿನ ಲೊಮ್ಮೆಲ್ ಊರಿನ ಆಳದ ಮರಳು ಜಗತ್ತಿನ ಕಠಿಣ ಟ್ರ್ಯಾಕ್‌ಗಳಲ್ಲೊಂದು. ಅದರಲ್ಲಿ ಬಿದ್ದೆದ್ದು ಕಲಿತವರಿಗೆ ಬೇರೆ ನೆಲವೆಲ್ಲ ಸಲೀಸು. ಅಮೆರಿಕ ಇದನ್ನು 1972ರಲ್ಲಿ ಲಾಸ್ ಏಂಜಲೀಸ್‌ನ ಕ್ರೀಡಾಂಗಣದೊಳಗೆ ತಂದು, ಮಣ್ಣು ಸುರಿದು ದಿಬ್ಬ ಕಟ್ಟಿ, ದೀಪದ ಬೆಳಕಿನಲ್ಲಿ ಓಡಿಸಿತು. ಸೂಪರ್‌ಕ್ರಾಸ್ ಬೆಳೆದದ್ದು ಹಾಗೆ.

ನಮ್ಮಲ್ಲಿ ಮೋಟರ್ ರೇಸಿಂಗ್ ಬೆಳೆದದ್ದು ಎರವಲು ನೆಲದಲ್ಲಿ. ಮದ್ರಾಸಿನ ಹೊರಗಿನ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಇಳಿದಾಣವೊಂದಿತ್ತು. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ದಶಕಗಳ ಕಾಲ ಅಲ್ಲೇ ರೇಸ್ ನಡೆಸಿತು. ಬೆಂಗಳೂರು, ಮೈಸೂರು, ಕೊಯಮತ್ತೂರಿನ ಹುಡುಗರು ಬೈಕನ್ನು ವ್ಯಾನಿಗೆ ಹೇರಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಕ್ಲಬ್ಬಿಗೆ ಇರುಂಗಾಟ್ಟುಕೋಟೈನಲ್ಲಿ ಸ್ವಂತದ ಡಾಂಬರು ಟ್ರ್ಯಾಕ್ ಸಿಕ್ಕಿದ್ದು 1990ರಲ್ಲಿ. ಡಾಂಬರಿನ ರೇಸಿಗೆ ಹೀಗೊಂದು ಮನೆಯಾಯಿತು. ಮಣ್ಣಿನ ಓಟಕ್ಕೆ ಆಗಲಿಲ್ಲ.

ಕನ್ನಡನಾಡಿಗೆ ಈ ಆಟದ ನಂಟು ಹಳೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಶುರುಮಾಡಿತು. ಜೆಕೊಸ್ಲೊವಾಕಿಯಾದಿಂದ ಬಂದ ತಂತ್ರಜ್ಞಾನ ಅದು. ಜೆಕ್ ನಾಡಿನ ಎರಡು-ಸ್ಟ್ರೋಕ್ ಎಂಜಿನ್ನುಗಳು ಆ ದಶಕದಲ್ಲಿ ಯುರೋಪಿನ ಮೊಟೊಕ್ರಾಸ್‌ನ ಮುಂಚೂಣಿಗೆ ಬಂದವು. ಜಾವಾದ ಒಡಹುಟ್ಟಿನಂತಿದ್ದ ಸೀಜೆಡ್ ಬೈಕಿನ ಮೇಲೆಯೇ ಜೋಯೆಲ್ ರಾಬರ್ಟ್ 1964ರಲ್ಲಿ ಮೊದಲ ವಿಶ್ವ ಪ್ರಶಸ್ತಿ ಗೆದ್ದದ್ದು. ಮೈಸೂರಿನ ಬೈಕು 1973ರಲ್ಲಿ ಯೆಜ್ಡಿಯಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ಕರೂ ಗೇರು ಲಿವರೂ ಒಂದೇ ಆಗಿದ್ದ ಆ ಬೈಕನ್ನು ಬಿಚ್ಚಿ ಜೋಡಿಸುವ ಮೇಸ್ತ್ರಿಗಳು ಮೈಸೂರಿನಲ್ಲಿ ಇಂದಿಗೂ ಇದ್ದಾರೆ.

ಆಮೇಲೆ ಬಂದದ್ದು ಯಮಹಾ ಆರ್‌ಎಕ್ಸ್ 100. 1985ರಲ್ಲಿ ಬಂದ ಈ 98 ಸಿಸಿ ಬೈಕಿನ ತೂಕ ನೂರು ಕೆ.ಜಿ.ಗಿಂತ ಚೂರು ಹೆಚ್ಚು. ಒಂದು ಇಡೀ ಪೀಳಿಗೆ ರೇಸ್ ಕಲಿತದ್ದು ಇದರ ಮೇಲೆ. ಗಲ್ಲಿಯ ಗ್ಯಾರೇಜಿನಲ್ಲಿ ಸಿಲಿಂಡರಿನ ಪೋರ್ಟ್ ಅರದಿಂದ ಉಜ್ಜಿ ಅಗಲಿಸುವುದು, ಕಾರ್ಬುರೇಟರಿನ ಜೆಟ್ ಬದಲಿಸುವುದು, ಸೈಲೆನ್ಸರ್ ಬೇರೆ ಮಾಡಿಸುವುದು, ಮಡ್‌ಗಾರ್ಡ್ ಬಿಚ್ಚಿ ಗುಬುಟು ಗುಬುಟಾದ ಟೈರು ಹಾಕಿಸುವುದು. ಇದನ್ನೆಲ್ಲ ಮಾಡುತ್ತಿದ್ದ ಮೇಸ್ತ್ರಿಗಳು ಪುಸ್ತಕ ನೋಡಿ ಕಲಿತವರಲ್ಲ. ಎಂಜಿನ್ ಸದ್ದು ಕೇಳಿಯೇ ಪೆಟ್ರೋಲು ಹೆಚ್ಚಾಯಿತೋ ಗಾಳಿ ಹೆಚ್ಚಾಯಿತೋ ಹೇಳುತ್ತಿದ್ದರು. ಭಾರತದ ಬೈಕ್ ರೇಸಿಂಗಿನ ಚರಿತ್ರೆ ಬರೆಯುವವರು ಈ ಮೆಕ್ಯಾನಿಕ್‌ಗಳ ಹೆಸರನ್ನು ಗೆದ್ದವರ ಪಕ್ಕದಲ್ಲೇ ಬರೆಯಬೇಕು ಎಂದು ನನಗನ್ನಿಸುತ್ತದೆ. ಕಂಪನಿಗಳ ಕಡೆಯಿಂದ, 1982ರಲ್ಲಿ ಹುಟ್ಟಿದ ಟಿವಿಎಸ್ ರೇಸಿಂಗ್ ತಂಡ ಮಣ್ಣು, ಡಾಂಬರು, ರ‍್ಯಾಲಿ ಮೂರನ್ನೂ ಬಿಡದೆ ಹಿಡಿದುಕೊಂಡು ಬಂತು.

ಸೂಪರ್‌ಕ್ರಾಸ್ ರಾಷ್ಟ್ರೀಯ ಚಾಂಪಿಯನ್‌ಷಿಪ್ ಊರೂರು ಸುತ್ತುತ್ತದೆ. ಬಯಲೊಂದನ್ನು ಬಾಡಿಗೆಗೆ ಹಿಡಿದು, ಲಾರಿಗಳಲ್ಲಿ ಮಣ್ಣು ತರಿಸಿ, ಜೆಸಿಬಿಯಿಂದ ದಿಬ್ಬ ಮಾಡಿಸಿ, ಧೂಳು ಏಳದಂತೆ ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಾರೆ. ವಿದೇಶಿ ಬೈಕುಗಳಿಗೆ ಒಂದು ವರ್ಗ, ಇಲ್ಲೇ ತಯಾರಾದ ಬೈಕುಗಳಿಗೆ ಇನ್ನೊಂದು. ಜನ ಸೇರುತ್ತಾರೆ, ಕೂಗುತ್ತಾರೆ. ಓಟ ಮುಗಿದ ಮೇಲೆ ಅದೇ ಜೆಸಿಬಿ ದಿಬ್ಬಗಳನ್ನೆಲ್ಲ ನೆಲಸಮ ಮಾಡುತ್ತದೆ. ಮಾರನೆಯ ದಿನ ಅಲ್ಲಿಗೆ ಬಂದು ಕಲಿಯುತ್ತೇನೆ ಎನ್ನುವ ಹುಡುಗಿಗೆ ಕಲಿಯಲು ಅಲ್ಲಿ ಏನೂ ಉಳಿದಿರುವುದಿಲ್ಲ. 2024-25ರಲ್ಲಿ ದೇಶದೊಳಗೇ 1.9 ಕೋಟಿಗೂ ಹೆಚ್ಚು ದ್ವಿಚಕ್ರ ವಾಹನ ಮಾರಿದ ನಾಡು ನಮ್ಮದು. ಹೋಲಿಸಿದರೆ ನಮ್ಮ ಕಾಯಂ ಮಣ್ಣಿನ ಟ್ರ್ಯಾಕ್‌ಗಳು ಏನೇನೂ ಸಾಲವು.

ಇಷ್ಟರಲ್ಲೇ ಸವಾರರು ಹುಟ್ಟಿಬಂದದ್ದು ನನ್ನ ಮಟ್ಟಿಗೆ ದೊಡ್ಡ ಸಂಗತಿ. ಬೆಂಗಳೂರಿನ ಸಿ.ಎಸ್. ಸಂತೋಷ್ ಮೊಟೊಕ್ರಾಸ್‌ನಲ್ಲಿ ಪಳಗಿ 2015ರಲ್ಲಿ ಡಕಾರ್ ರ‍್ಯಾಲಿಗೆ ಇಳಿದರು. ಅರ್ಜೆಂಟೀನಾ, ಚಿಲಿ, ಬೊಲಿವಿಯಾಗಳ ಮರಳು, ಉಪ್ಪು, ಬೆಟ್ಟ ದಾಟಿ 36ನೆಯವರಾಗಿ ಗುರಿ ಮುಟ್ಟಿದರು. ಡಕಾರ್ ಮುಗಿಸಿದ ಮೊದಲ ಭಾರತೀಯ ಬೈಕ್ ಸವಾರ ಅವರು. 2021ರಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ರ‍್ಯಾಲಿಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿ ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಇದ್ದರು, ಬದುಕಿ ಬಂದರು. ಕನ್ನಡದ ‘ಬಿಗ್ ಬಾಸ್’ನಿಂದ ಮನೆಮಾತಾದ ಉಡುಪಿಯ ಕೆ.ಪಿ. ಅರವಿಂದ್ ಅದಕ್ಕೂ ಮುಂಚೆ, 2019ರಲ್ಲಿ, ಡಕಾರ್ ಮುಗಿಸಿದ್ದರು. ಕೇರಳದ ಹರಿತ್ ನೋವಾ 2024ರಲ್ಲಿ ಒಟ್ಟಾರೆ 11ನೇ ಸ್ಥಾನ ಪಡೆದು ತಮ್ಮ ವರ್ಗವನ್ನೇ ಗೆದ್ದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ಓಟದಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟು ಮಾಡಿಕೊಂಡಿದ್ದರು. ಮರುವರ್ಷವೇ ಮತ್ತೆ ಬೈಕ್ ಏರಿ ಮಹಿಳೆಯರ ಬಾಹಾ ರ‍್ಯಾಲಿ ವಿಶ್ವಕಪ್ ಗೆದ್ದರು. ಆ ಗೆಲುವಿಗೆ ಸಿಗಬೇಕಾದ ಸಂಭ್ರಮ ಸಿಗಲಿಲ್ಲ ಎಂಬ ಬೇಸರ ನನಗೆ ಈಗಲೂ ಇದೆ.

2009ರಲ್ಲಿ ಫಾರ್ಮುಲಾ ಒನ್ ಭಾರತಕ್ಕೆ ಬರುವ ಮಾತು ನಡೆದಾಗ ಕೇಂದ್ರ ಕ್ರೀಡಾ ಸಚಿವಾಲಯ ಅದನ್ನು ಕ್ರೀಡೆ ಎನ್ನಲು ಒಪ್ಪಲಿಲ್ಲ, ಮನರಂಜನೆ ಎಂದಿತು. ಆ ನೋಟ ಈಗ ಸಡಿಲವಾಗಿದೆ. ಮೋಟರ್ ಕ್ರೀಡೆಯ ಒಕ್ಕೂಟಕ್ಕೆ ಸರ್ಕಾರದ ಮನ್ನಣೆ ಇದೆ. 2023ರಲ್ಲಿ ಗ್ರೇಟರ್ ನೊಯ್ಡಾದಲ್ಲಿ ಮೊಟೊಜಿಪಿ ನಡೆಯಿತು, 2024ರಲ್ಲಿ ಪುಣೆ, ಅಹಮದಾಬಾದ್, ಬೆಂಗಳೂರಿನಲ್ಲಿ ಸೂಪರ್‌ಕ್ರಾಸ್ ಲೀಗ್. ಆದರೂ ಹಣದ ಗೋಡೆ ಹಾಗೇ ಇದೆ. ದೊಡ್ಡ ಮೊಟೊಕ್ರಾಸ್ ಬೈಕಿನ ಮಾತಿರಲಿ, ಮಕ್ಕಳ 65 ಸಿಸಿ ಬೈಕಿಗೇ ಲಕ್ಷಗಟ್ಟಲೆ ರೂಪಾಯಿ. ಬೂಟು, ಎದೆಕವಚ, ಮೊಣಕಾಲು ಪಟ್ಟಿ, ಕುತ್ತಿಗೆ ಪಟ್ಟಿಗಳ ಖರ್ಚು ಬೇರೆ. ಮಧ್ಯಮ ವರ್ಗದ ಅಪ್ಪ ಅಮ್ಮ ಇದನ್ನೆಲ್ಲ ಕೇಳಿಯೇ ಕೈಬಿಡುತ್ತಾರೆ. ಹೀರೊ ಎಕ್ಸ್‌ಪಲ್ಸ್‌ನಂಥ ದೇಶೀ ಬೈಕುಗಳು ಬಂದ ಮೇಲೆ ಮಣ್ಣಿನ ರುಚಿ ಕಡಿಮೆ ಖರ್ಚಿನಲ್ಲಿ ಸಿಗತೊಡಗಿದೆ, ಅಷ್ಟು ಸಮಾಧಾನ.

ಇತ್ತ ಬೆಂಗಳೂರಿನ ಸುತ್ತಲಿನ ಹೆದ್ದಾರಿಗಳಲ್ಲಿ ಹೆಲ್ಮೆಟ್ ಇಲ್ಲದೆ ವ್ಹೀಲಿಂಗ್ ಮಾಡುವ ಹುಡುಗರನ್ನು ಪೊಲೀಸರು ಹಿಡಿಯುತ್ತಲೇ ಇರುತ್ತಾರೆ. ಹಿಡಿಯಬೇಕಾದ್ದೇ, ದಾರಿಹೋಕರ ಜೀವ ಅವರ ಆಟಿಕೆಯಲ್ಲ. ಆದರೆ ಒಂದೇ ಚಕ್ರದ ಮೇಲೆ ಬೈಕ್ ನಿಲ್ಲಿಸುವ ಹುಡುಗನಿಗೆ ಕ್ಲಚ್ಚಿನ ಹದ ಗೊತ್ತು, ಸಮತೋಲ ಗೊತ್ತು. ಬಿದ್ದರೆ ಯಾರಿಗೂ ಪೆಟ್ಟಾಗದ ಜಾಗ ಎಲ್ಲಿದೆ ಎಂಬುದು ಮಾತ್ರ ಅವನಿಗೆ ಗೊತ್ತಿಲ್ಲ, ಅವನನ್ನು ಹಿಡಿದವರಿಗೂ ಗೊತ್ತಿಲ್ಲ. ಕೋಲಾರದ ಕಡೆ ಸಂತೋಷ್ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್‌ನಂಥವು ದಾರಿ ತೋರಿಸಿವೆ. ಸವಾರರೊಬ್ಬರ ಹಂಬಲದಿಂದ ಎದ್ದ ಜಾಗಗಳವು, ಜಿಲ್ಲೆಗೊಂದರಂತೆ ಬರಬೇಕಾದರೆ ಇನ್ನೊಂದಿಷ್ಟು ಕೈ ಸೇರಬೇಕು.

ಜಾಗಕ್ಕೆ ಬರವಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ಕಲ್ಲು ತೆಗೆದು ಬಿಟ್ಟ ಕ್ವಾರಿಗಳಿವೆ. ಊರಿಂದ ದೂರ ಇರುವಂಥವನ್ನು ಆರಿಸಿದರೆ ಸದ್ದಿನ ತಕರಾರೂ ಕಡಿಮೆ. ಅವುಗಳಲ್ಲೊಂದರ ನೀರು ನಿಂತ ಗುಂಡಿ ತುಂಬಿಸಿ, ಸುತ್ತ ಬೇಲಿ ಹಾಕಿ, ಮೊದಲಿಗೆ ಮಕ್ಕಳ ಬೈಕಿಗೆ ಸಣ್ಣ ಟ್ರ್ಯಾಕ್ ಮಾಡಲಿ. ಬೈಕೂ ಬೂಟೂ ಹೆಲ್ಮೆಟ್ಟೂ ಬಾಡಿಗೆಗೆ ಸಿಗಲಿ. ಗ್ಯಾರೇಜಿನ ಹಳೇ ಮೇಸ್ತ್ರಿಯೊಬ್ಬರಿಗೆ ಅಲ್ಲಿ ಸಂಬಳದ ಕೆಲಸ ಕೊಡಲಿ. ಆಂಬುಲೆನ್ಸ್ ಬಂದು ನಿಲ್ಲುವ ತನಕ ಒಂದು ಎಂಜಿನ್ನೂ ಚಾಲೂ ಆಗಕೂಡದು ಎಂಬ ನಿಯಮವನ್ನು ಗೇಟಿನ ಮೇಲೆಯೇ ಬರೆಸಲಿ.